ಹಿರಿಯರಿಗೆ ನ್ಯುಮೋನಿಯಾ ಲಸಿಕೆ: 13, 15, 20, 21, 23 – ಇವುಗಳಲ್ಲಿ ಯಾವುದು?

ಅಪ್ಪನಿಗೆ 70 ದಾಟಿದ ವರ್ಷ ಡಾಕ್ಟರ್ ಒಂದು ಪ್ರಶ್ನೆ ಕೇಳಿದರು. "ಮೊದಲು ನ್ಯುಮೋನಿಯಾ ಇಂಜೆಕ್ಷನ್ ಹಾಕಿಸಿದ್ದೀರಾ? ಯಾವುದು?" ಹಾಕಿಸಿದ್ದು ನೆನಪಿತ್ತು. ಯಾವುದು ಅನ್ನೋದು ನೆನಪಿರಲಿಲ್ಲ. ಮನೆಗೆ ಬಂದು ಹಳೆಯ ಫೈಲ್ ಜಾಲಾಡಿದೆ. ಒಂದು ಚೀಟಿ ಸಿಕ್ಕಿತು. ಅದರಲ್ಲಿ "ನ್ಯುಮೋ ಕೊಟ್ಟಿದೆ" ಎಂದಷ್ಟೇ ಗೀಚಿತ್ತು. 13 ಇರಬಹುದು, 23 ಇರಬಹುದು. ಒಂದು ಅಂಕಿ ತಾನೇ, ಅದರಲ್ಲೇನು ಎಂದುಕೊಂಡಿದ್ದೆ. ಮುಂದೆ ಯಾವ ಲಸಿಕೆ, ಅದಕ್ಕೆ ಎಷ್ಟು ದಿನ ಕಾಯಬೇಕು ಅನ್ನೋದೆಲ್ಲ ಆ ಅಂಕಿಯ ಮೇಲೆಯೇ ನಿಂತಿದೆ ಅಂತ ಆಮೇಲೆ ಗೊತ್ತಾಯಿತು.

ಅಂಥದ್ದೇ ಗೊಂದಲದಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೊನೆಯ ಮಾತು ನಿಮ್ಮ ಡಾಕ್ಟರದ್ದೇ. ಆದರೆ ಅವರ ಮುಂದೆ ಕೂತಾಗ "ಯಾವುದು ಒಳ್ಳೆಯದೋ ಅದನ್ನೇ ಕೊಟ್ಟುಬಿಡಿ" ಎನ್ನುವ ಬದಲು ಸರಿಯಾದ ಪ್ರಶ್ನೆ ಕೇಳೋ ಹಾಗಾದರೆ ಸಾಕು.

ಮೊದಲು ಹೆಸರಿನ ಗೊಂದಲ ಕಳೆದುಕೊಳ್ಳೋಣ

ನ್ಯುಮೋನಿಯಾ ಅನ್ನೋದು ಯಾವುದೋ ಒಂದು ರೋಗಾಣುವಿನ ಹೆಸರಲ್ಲ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ ಸೋಂಕಾಗಿ, ಅಲ್ಲಿ ಕೀವು, ನೀರು ತುಂಬಿಕೊಂಡರೆ ಅದಕ್ಕೆ ನ್ಯುಮೋನಿಯಾ ಎನ್ನುತ್ತಾರೆ. ಬ್ಯಾಕ್ಟೀರಿಯಾದಿಂದ ಬರಬಹುದು, ವೈರಸ್‌ನಿಂದ ಬರಬಹುದು, ತಿಂದದ್ದು ನೆತ್ತಿಗೆ ಹತ್ತಿ ಶ್ವಾಸನಾಳಕ್ಕೆ ಇಳಿದೂ ಬರಬಹುದು. ಹಾಗಾಗಿ ಎಲ್ಲ ನ್ಯುಮೋನಿಯಾವನ್ನೂ ತಡೆಯುವ ಒಂದೇ ಲಸಿಕೆ ಇಲ್ಲ. ಇರಲು ಸಾಧ್ಯವೂ ಇಲ್ಲ.

ಜನ "ನ್ಯುಮೋನಿಯಾ ಇಂಜೆಕ್ಷನ್" ಎಂದಾಗ ಅವರ ಮನಸ್ಸಿನಲ್ಲಿ ಇರುವುದು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ. ಬ್ಯಾಕ್ಟೀರಿಯಾಗಳ ಪೈಕಿ ಹಿರಿಯರನ್ನು ಜಾಸ್ತಿ ಕಾಡುವುದು ಇದೇ. ಇದರ ಜೊತೆಗೆ ಫ್ಲೂ, ಆರ್‌ಎಸ್‌ವಿ (ಶ್ವಾಸನಾಳ, ಶ್ವಾಸಕೋಶಕ್ಕೆ ತಗುಲುವ ಒಂದು ವೈರಸ್), ಕೋವಿಡ್ ಈ ಮೂರು ವೈರಸ್‌ಗಳಿಗೂ ಲಸಿಕೆ ಇದೆ. ಉಳಿದವುಗಳಿಗೆ, ಅಂದರೆ ಲೀಜಿಯೊನೆಲ್ಲಾ, ಮೈಕೊಪ್ಲಾಸ್ಮಾ, ಕ್ಲೆಬ್ಸಿಯೆಲ್ಲಾ ಥರದ ಬ್ಯಾಕ್ಟೀರಿಯಾಗಳಿಗೆ, ದೊಡ್ಡವರಿಗೆ ಕೊಡುವಂಥ ಲಸಿಕೆ ಇಲ್ಲ. "ಲಸಿಕೆ ಹಾಕಿಸಿದ ಮೇಲೂ ನ್ಯುಮೋನಿಯಾ ಬಂತು, ಎಲ್ಲ ಸುಳ್ಳು" ಎನ್ನುವ ಮಾತಿನ ಹಿಂದೆ ಬಹಳ ಸಲ ಇದೇ ಕಾರಣ ಇರುತ್ತದೆ. ಬಂದದ್ದು ಬೇರೆ ಕ್ರಿಮಿ.

ಸಂಖ್ಯೆ ದೊಡ್ಡದಾದರೆ ಲಸಿಕೆ ದೊಡ್ಡದಾ?

ನ್ಯುಮೋಕಾಕಸ್ ಸಕ್ಕರೆಯ ಸರಪಳಿಗಳಿಂದ ನೇಯ್ದ ಒಂದು ಕೋಟು ಹಾಕಿಕೊಂಡಿರುತ್ತದೆ. ಈ ಕೋಟು ಇದ್ದರೆ ನಮ್ಮ ಬಿಳಿ ರಕ್ತಕಣಗಳು ಅದನ್ನು ಹಿಡಿದು ನುಂಗುವುದು ಕಷ್ಟ. ಕೋಟಿನ ನೇಯ್ಗೆಯ ಪ್ರಕಾರ ಈ ಬ್ಯಾಕ್ಟೀರಿಯಾದಲ್ಲಿ 100ಕ್ಕೂ ಹೆಚ್ಚು ಬಗೆಗಳಿವೆ. (1928ರಲ್ಲಿ ವಿಜ್ಞಾನಿ ಗ್ರಿಫಿತ್ ಇದೇ ಕೋಟನ್ನು ಇಟ್ಟುಕೊಂಡು ಇಲಿಗಳ ಮೇಲೆ ಪ್ರಯೋಗ ಮಾಡಿದರು. ಆ ದಾರಿಯಲ್ಲಿ ಹೋಗಿಯೇ 1944ರಲ್ಲಿ ಏವರಿ ಮತ್ತು ಸಂಗಡಿಗರು ಆನುವಂಶಿಕ ಗುಣ ಇರುವುದು ಡಿಎನ್‌ಎಯಲ್ಲಿ ಎಂದು ತೋರಿಸಿದರು. ಮನುಷ್ಯರನ್ನು ಇಷ್ಟು ಕಾಡಿದ ಕ್ರಿಮಿ ಒಂದು ಉಪಕಾರವನ್ನೂ ಮಾಡಿದೆ.)

ಲಸಿಕೆಯ ಹೆಸರಿನಲ್ಲಿರುವ 13, 15, 20, 21, 23 ಅಂದರೆ ಅದರಲ್ಲಿ ಎಷ್ಟು ಬಗೆಯ ಕೋಟುಗಳ ತುಣುಕು ಇದೆ ಅನ್ನೋ ಲೆಕ್ಕ. ಹಾಗಾದರೆ 23 ಎಲ್ಲಕ್ಕಿಂತ ಮೇಲು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಿಯೇ ಎಲ್ಲರೂ ಎಡವುವುದು.

ಈ ಲಸಿಕೆಗಳಲ್ಲಿ ಎರಡು ಜಾತಿ. 23 ಬರೀ ಸಕ್ಕರೆಯ ಲಸಿಕೆ. ಇದಕ್ಕೆ ಪಿಪಿಎಸ್‌ವಿ23 ಎನ್ನುತ್ತಾರೆ, ನ್ಯುಮೋವ್ಯಾಕ್ಸ್ 23 ಎಂಬ ಹೆಸರಿನಲ್ಲಿ 1983ರಿಂದ ಬಳಕೆಯಲ್ಲಿದೆ. 13, 15, 20, 21 ಇವೆಲ್ಲ ಪಿಸಿವಿ ಜಾತಿ, ಅಂದರೆ ಜೋಡಿಸಿದ ಲಸಿಕೆ. ಇವುಗಳಲ್ಲಿ ಸಕ್ಕರೆಯ ತುಣುಕನ್ನು ಒಂದು ಪ್ರೋಟೀನ್‌ಗೆ ಗಂಟು ಹಾಕಿರುತ್ತಾರೆ.

ಆ ಗಂಟಿನಲ್ಲೇ ಇರುವುದು ಗುಟ್ಟು. ಬರೀ ಸಕ್ಕರೆ ತೋರಿಸಿದರೆ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಬಿ ಕಣಗಳು ಒಂದಿಷ್ಟು ಪ್ರತಿಕಾಯ (ಕ್ರಿಮಿಗೆ ಅಂಟಿಕೊಂಡು ಅದನ್ನು ಹಿಡಿಯಲು ನೆರವಾಗುವ ಪ್ರೋಟೀನ್) ತಯಾರಿಸುತ್ತವೆ. ಆಮೇಲೆ ಮರೆಯುತ್ತವೆ. ನೆನಪಿಡುವ ಕೆಲಸಕ್ಕೆ ಟಿ ಕಣಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಸಹಾಯ ಬೇಕು. ಟಿ ಕಣಗಳಿಗೆ ಸಕ್ಕರೆ ಕಾಣುವುದಿಲ್ಲ, ಪ್ರೋಟೀನ್ ಮಾತ್ರ ಕಾಣುತ್ತದೆ. ಸಕ್ಕರೆಯನ್ನು ಪ್ರೋಟೀನ್‌ಗೆ ಕಟ್ಟಿ ಕೊಟ್ಟರೆ ಅವೂ ಕೆಲಸಕ್ಕೆ ಇಳಿಯುತ್ತವೆ, ನೆನಪು ಉಳಿಯುತ್ತದೆ. 2 ವರ್ಷದೊಳಗಿನ ಮಕ್ಕಳಿಗೆ ಬರೀ ಸಕ್ಕರೆಯ ಲಸಿಕೆ ಕೆಲಸವನ್ನೇ ಮಾಡುತ್ತಿರಲಿಲ್ಲ. ಅವರಿಗಾಗಿ ಹುಟ್ಟಿದ ಉಪಾಯ ಇದು. ಕೊನೆಗೆ ಅಜ್ಜ ಅಜ್ಜಿಯರಿಗೂ ಒದಗಿತು.

23ರ ರಕ್ಷಣೆ ಕೆಲವು ವರ್ಷಗಳಲ್ಲಿ ಇಳಿಯುತ್ತಾ ಬರುತ್ತದೆ. ಹಾಗಂತ ಮತ್ತೆ ಮತ್ತೆ ಹಾಕಿಸಿದರೆ ಪ್ರತಿ ಸಲ ಮೊದಲಿನಷ್ಟೇ ಪ್ರತಿಕಾಯ ಹುಟ್ಟುವುದಿಲ್ಲ, ಕೆಲವೊಮ್ಮೆ ಕಡಿಮೆಯೇ ಆಗುತ್ತದೆ. 23 ಮೊದಲು ಹಾಕಿಸಿಕೊಂಡವರಿಗೆ ಪಿಸಿವಿ ಕೊಟ್ಟರೂ ಅದರ ಫಲ ಸ್ವಲ್ಪ ಮಂಕಾಗುತ್ತದೆ. ಅದಕ್ಕೇ ಎರಡೂ ಬೇಕಾದವರಿಗೆ ಪಿಸಿವಿ ಮೊದಲು, 23 ಆಮೇಲೆ. ಈ ಕ್ರಮ ಒಂದನ್ನು ನೆನಪಿಟ್ಟರೂ ಅರ್ಧ ಗೊಂದಲ ಹೋಗುತ್ತದೆ.

ಒಂದೊಂದನ್ನೇ ಪಕ್ಕಪಕ್ಕ ಇಟ್ಟು ನೋಡೋಣ

ಪಿಸಿವಿ13ಕ್ಕೆ ಇರುವಷ್ಟು ದೊಡ್ಡ ಸಾಕ್ಷ್ಯ ಉಳಿದವಕ್ಕೆ ಇಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 65 ದಾಟಿದ ಸುಮಾರು 84,500 ಜನರ ಮೇಲೆ ಇದರ ಪರೀಕ್ಷೆ ನಡೆಯಿತು. ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಸುಮ್ನೆ ಔಷಧಿಯಿಲ್ಲದ ಇಂಜೆಕ್ಷನ್. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಲಸಿಕೆಯಲ್ಲಿರುವ ಬಗೆಗಳಿಂದ ಬರುವ ನ್ಯುಮೋನಿಯಾ ಸುಮಾರು ಶೇ. 46ರಷ್ಟು ಕಡಿಮೆಯಾಗಿತ್ತು. ಅದೇ ಬಗೆಗಳು ರಕ್ತ ಮೊದಲಾದ ಕಡೆಗೆ ನುಗ್ಗಿ ಮಾಡುವ ಗಂಭೀರ ಸೋಂಕು ಶೇ. 75ರಷ್ಟು ಕಡಿಮೆಯಾಗಿತ್ತು. ಇದೇ ಪರೀಕ್ಷೆಯಲ್ಲಿ ಇನ್ನೊಂದು ವಿಷಯವೂ ಇದೆ, ಅದನ್ನು ಯಾರೂ ಜಾಹೀರಾತಿನಲ್ಲಿ ಹಾಕುವುದಿಲ್ಲ. ಯಾವುದೇ ಕಾರಣದ ನ್ಯುಮೋನಿಯಾ ಅಂತ ಒಟ್ಟಾರೆ ಲೆಕ್ಕ ಹಾಕಿದರೆ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆ 13 ಬಗೆಗಳು ದೊಡ್ಡ ರಾಶಿಯ ಒಂದು ಪಾಲು ಮಾತ್ರ ಆಗಿದ್ದವು. ಇದನ್ನು ಓದಿ "ಹಾಗಾದರೆ ಬೇಡ" ಎನ್ನುವವರಿದ್ದಾರೆ. ನನ್ನ ಲೆಕ್ಕ ಬೇರೆ. ರಕ್ತಕ್ಕೆ ಇಳಿದ ಸೋಂಕು, ಮಿದುಳಿನ ಪೊರೆಗೆ ತಗುಲಿದ ಸೋಂಕು ಅಂದರೆ ಹಿರಿಯರ ಜೀವಕ್ಕೇ ದೊಡ್ಡ ಅಪಾಯ. ಅಲ್ಲಿ ತನ್ನೊಳಗಿರುವ ಬಗೆಗಳ ಸೋಂಕಿನಲ್ಲಿ ನಾಲ್ಕರಲ್ಲಿ ಮೂರನ್ನು ತಡೆಯುವ ಇಂಜೆಕ್ಷನ್ ನನಗೆ ಸಾಕು.

ಪಿಸಿವಿ15, ಪಿಸಿವಿ20 ಎರಡಕ್ಕೂ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 15ರಲ್ಲಿ ಆ ಹಳೆಯ 13ರ ಜೊತೆ ಇನ್ನೆರಡು ಬಗೆ. 20ರಲ್ಲಿ 13ರ ಜೊತೆ ಏಳು ಬಗೆ. 15 ಹಾಕಿಸಿಕೊಂಡವರು ಒಂದು ವರ್ಷದ ನಂತರ 23ನ್ನೂ ಹಾಕಿಸಿಕೊಳ್ಳಬೇಕು. 20 ಹಾಕಿಸಿಕೊಂಡವರಿಗೆ ಅದೇ ಮೊದಲು, ಅದೇ ಕೊನೆ. ಕಾಗದದ ಮೇಲೆ 15 ಮತ್ತು 23 ಸೇರಿದರೆ ಬಗೆಗಳು ಜಾಸ್ತಿ. ಆದರೆ ಎರಡನೇ ಇಂಜೆಕ್ಷನ್‌ಗೆ ಒಂದು ವರ್ಷ ಬಿಟ್ಟು ಬರುವವರು ಎಷ್ಟು ಜನ? ಮರೆಯುತ್ತಾರೆ, ಊರು ಬದಲಾಗುತ್ತದೆ, "ಆಗಲೇ ಒಂದು ಹಾಕಿಸಿದೀವಲ್ಲ" ಅನ್ನಿಸುತ್ತದೆ. ಒಂದೇ ಸಲಕ್ಕೆ ಮುಗಿಯುವುದಕ್ಕೆ ನನ್ನ ಒಲವು. ಒಂದು ಮಾತು ಮಾತ್ರ ಮುಚ್ಚಿಡಬಾರದು. 20ಕ್ಕೂ ಮುಂದೆ ಬರುವ 21ಕ್ಕೂ ಒಪ್ಪಿಗೆ ಸಿಕ್ಕಿದ್ದು ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಅಳೆದು. 13ಕ್ಕೆ ನಡೆದಂಥ ಭಾರಿ ಪರೀಕ್ಷೆ ನಡೆಸಿ ಅಲ್ಲ.

ಪಿಸಿವಿ21ರ ಕಥೆ ಇವುಗಳಲ್ಲೆಲ್ಲ ಸ್ವಾರಸ್ಯದ್ದು. 2024ರ ಜೂನ್‌ನಲ್ಲಿ ಕ್ಯಾಪ್‌ವ್ಯಾಕ್ಸಿವ್ ಎಂಬ ಹೆಸರಿನಲ್ಲಿ ಒಪ್ಪಿಗೆ ಪಡೆಯಿತು. ಇದು 20ಕ್ಕೆ ಒಂದು ಸೇರಿಸಿ ಮಾಡಿದ್ದಲ್ಲ. ಮಕ್ಕಳಿಗೆ ಪಿಸಿವಿ ಕೊಡಲು ಶುರು ಮಾಡಿದ ದೇಶಗಳಲ್ಲಿ ಒಂದು ವಿಚಿತ್ರ ಕಾಣಿಸಿತ್ತು. ಮಕ್ಕಳ ಮೂಗು ಗಂಟಲಿನಿಂದ ಆ ಬಗೆಗಳು ಮಾಯವಾದವು, ಅವರಿಂದ ಹಿರಿಯರಿಗೆ ಹರಡುವುದೂ ಕಡಿಮೆಯಾಯಿತು. ಆದರೆ ಖಾಲಿ ಜಾಗ ಖಾಲಿ ಇರಲಿಲ್ಲ. ಲಸಿಕೆಯಲ್ಲಿ ಇಲ್ಲದ ಬಗೆಗಳು ಬಂದು ಕೂತವು. 7 ಬಗೆಯ ಲಸಿಕೆ ಬಂದ ಮೇಲೆ 19ಎ ಎಂಬುದು ತಲೆಯೆತ್ತಿತು. ಅದಕ್ಕೆ ಆಮೇಲಿನ 13ರಲ್ಲಿ ಅದನ್ನು ಸೇರಿಸಿದರು. 21ನ್ನು ಮಾಡಿದವರು ಈ ಆಟದ ಹಿಂದೆ ಓಡುವುದನ್ನು ಬಿಟ್ಟು, ಈಗ ದೊಡ್ಡವರಲ್ಲಿ ಉಳಿದಿರುವ ಬಗೆಗಳು ಯಾವುವು ಎಂದು ನೋಡಿ ಪಟ್ಟಿ ಕಟ್ಟಿದರು. ಮಿಕ್ಕ ಯಾವ ಲಸಿಕೆಯಲ್ಲೂ ಇಲ್ಲದ ಎಂಟು ಬಗೆಗಳು ಇದರಲ್ಲಿವೆ. ಪ್ರತಿಯಾಗಿ ಹಳೆಯ ಕೆಲವನ್ನು ಕೈಬಿಟ್ಟಿದ್ದಾರೆ, ಅವುಗಳಲ್ಲಿ 4ನೇ ಬಗೆಯೂ ಒಂದು.

ಇದರ ಅರ್ಥ ಏನಪ್ಪಾ ಅಂದರೆ, 21 ಒಳ್ಳೆಯದೋ 20 ಒಳ್ಳೆಯದೋ ಅನ್ನೋದಕ್ಕೆ ಎಲ್ಲ ಕಡೆಗೂ ಒಂದೇ ಉತ್ತರ ಇಲ್ಲ. ಮಕ್ಕಳಿಗೆ ವರ್ಷಗಟ್ಟಲೆ ಚೆನ್ನಾಗಿ ಲಸಿಕೆ ಹಾಕಿರುವ ಕಡೆ 21ರ ಪಟ್ಟಿ ಹೊಂದುತ್ತದೆ. ಮಕ್ಕಳ ಲಸಿಕೆ ಇನ್ನೂ ಪೂರ್ತಿ ಹಬ್ಬಿಲ್ಲದ ಕಡೆ, ಅಥವಾ 4ನೇ ಬಗೆ ಜಾಸ್ತಿ ಓಡಾಡುವ ಕಡೆ, 20 ಹೊಂದುತ್ತದೆ. ಡಾಕ್ಟರ ಹತ್ತಿರ ಕೇಳಬೇಕಾದ ನಿಜವಾದ ಪ್ರಶ್ನೆ ಇದು. ಎರಡರಲ್ಲಿ ಒಂದೇ ಸಿಗುತ್ತಿದ್ದರೆ ಅದನ್ನೇ ಹಾಕಿಸಿ, ಇನ್ನೊಂದಕ್ಕಾಗಿ ಕಾಯಬೇಡಿ.

ಇನ್ನು 23 ಒಂದನ್ನೇ ಹಾಕಿಸಿದರೆ? ರಕ್ತಕ್ಕೆ ಇಳಿಯುವ ಸೋಂಕಿನ ವಿರುದ್ಧ ಅದು ಕೆಲಸ ಮಾಡುತ್ತದೆ. ಶ್ವಾಸಕೋಶದಲ್ಲೇ ಉಳಿಯುವ ನ್ಯುಮೋನಿಯಾದ ವಿಷಯದಲ್ಲಿ ಫಲಿತಾಂಶ ಅಧ್ಯಯನದಿಂದ ಅಧ್ಯಯನಕ್ಕೆ ಬೇರೆ. ಬೇರೇನೂ ಸಿಗದಿದ್ದರೆ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಪಿಸಿವಿ ಸಿಗುವಾಗ, ಸಂಖ್ಯೆ ದೊಡ್ಡದು ಎಂಬ ಒಂದೇ ಕಾರಣಕ್ಕೆ ಇದನ್ನು ಆರಿಸುವುದು ಬೇಡ.

ಒಂದು ಮೊಂಡ ಬಗೆಯ ಬಗ್ಗೆಯೂ ಹೇಳಿಬಿಡುತ್ತೇನೆ. 3ನೇ ಬಗೆಯ ಕೋಟು ಬಹಳ ದಪ್ಪ. 13ರಿಂದ 23ರವರೆಗಿನ ಈ ಐದೂ ಲಸಿಕೆಗಳಲ್ಲಿ ಅದು ಇದೆ. ಆದರೂ ಅದರ ಮೇಲೆ ಲಸಿಕೆಗಳ ಹಿಡಿತ ಉಳಿದವುಗಳ ಮೇಲಿನಷ್ಟು ಗಟ್ಟಿಯಿಲ್ಲ.

ಮೊದಲು ಏನು ಹಾಕಿಸಿದ್ದೀರಿ? ಅದೇ ದಾರಿ ತೋರಿಸುತ್ತದೆ

ಇಲ್ಲಿಯವರೆಗೆ ಏನೂ ಹಾಕಿಸಿಲ್ಲ ಅಂದರೆ ನೀವು ಅದೃಷ್ಟವಂತರು, ಕೆಲಸ ಸುಲಭ. 20 ಅಥವಾ 21, ಒಂದು ಡೋಸ್, ಮುಗಿಯಿತು. ಅವೆರಡೂ ಸಿಗದಿದ್ದರೆ 15 ಅಥವಾ 13 ಹಾಕಿಸಿ, ಒಂದು ವರ್ಷದ ಮೇಲೆ 23. ಕ್ಯಾನ್ಸರ್ ಚಿಕಿತ್ಸೆ, ಅಂಗ ಕಸಿ, ಜಾಸ್ತಿ ಡೋಸಿನ ಸ್ಟೀರಾಯ್ಡ್ ಮುಂತಾದ ಕಾರಣಕ್ಕೆ ರೋಗನಿರೋಧಕ ಶಕ್ತಿ ಕುಗ್ಗಿರುವವರು, ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲೆಂದು ಆಪರೇಷನ್ ಮಾಡಿ ಕೂರಿಸುವ ಸಾಧನ) ಇರುವವರು ವರ್ಷ ಕಾಯಬೇಕಿಲ್ಲ. ಅವರಿಗೆ 8 ವಾರದ ಅಂತರ ಸಾಕು.

ಮೊದಲು 23 ಮಾತ್ರ ಆಗಿದೆಯಾ? ಒಂದು ವರ್ಷ ಕಳೆದ ಮೇಲೆ 15, 20, 21ರಲ್ಲಿ ಯಾವುದಾದರೂ ಒಂದು. ಮತ್ತೆ 23 ಬೇಕಿಲ್ಲ. ಮೊದಲು 13 ಮಾತ್ರ ಆಗಿದ್ದರೆ, ಒಂದು ವರ್ಷದ ಮೇಲೆ 20 ಅಥವಾ 21. ಸಿಗದಿದ್ದರೆ 23. ಎರಡೂ ಆಗಿದ್ದು, 23 ಹಾಕಿಸಿದಾಗ ವಯಸ್ಸು 65 ದಾಟಿತ್ತು ಅಂದರೆ ಕೋರ್ಸ್ ಪೂರ್ತಿಯಾದಂತೆಯೇ. ಕೊನೆಯ ಇಂಜೆಕ್ಷನ್ ಆಗಿ 5 ವರ್ಷ ಕಳೆದಿದ್ದರೆ 20 ಅಥವಾ 21 ಹಾಕಿಸಬಹುದು. ಅದು ಕಡ್ಡಾಯ ಅಲ್ಲ, ಆರೋಗ್ಯದ ಸ್ಥಿತಿ ನೋಡಿ ಡಾಕ್ಟರ ಜೊತೆ ಕೂತು ತೀರ್ಮಾನಿಸುವಂಥದ್ದು. ಉಬ್ಬಸ, ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ), ಹೃದಯದ ತೊಂದರೆ ಇರುವ ನಮ್ಮ ಮನೆಯ ಹಿರಿಯರಾಗಿದ್ದರೆ ನಾನು ಹಾಕಿಸುತ್ತಿದ್ದೆ.

ನಮ್ಮಪ್ಪನ ಹಾಗೆ ಯಾವುದು ಹಾಕಿಸಿದ್ದು ಗೊತ್ತೇ ಇಲ್ಲ ಅಂದರೆ? ಹಾಕಿಸಿಲ್ಲ ಎಂದೇ ಲೆಕ್ಕ ಹಿಡಿದು ಮುಂದುವರಿಯಬಹುದು. ಒಂದು ಡೋಸ್ ಹೆಚ್ಚಾದರೆ ತೋಳು ಸ್ವಲ್ಪ ಜಾಸ್ತಿ ನೋಯಬಹುದು ಅಷ್ಟೇ. ದಾಖಲೆ ಹುಡುಕುತ್ತಾ ವರ್ಷ ಕಳೆಯುವುದು ಅದಕ್ಕಿಂತ ಕೆಟ್ಟದ್ದು. ನಾವು ಎರಡು ವಾರ ಹುಡುಕಿ ಕೈಬಿಟ್ಟು, ಡಾಕ್ಟರ ಒಪ್ಪಿಗೆ ಪಡೆದು 20 ಹಾಕಿಸಿದೆವು. ಈ ಸಲ ಡಬ್ಬಿಯ ಫೋಟೊ, ಚೀಟಿಯ ಫೋಟೊ ಎರಡನ್ನೂ ತೆಗೆದಿಟ್ಟೆ. ಮನೆಯವರೆಲ್ಲರ ಫೋನಿಗೂ ಕಳಿಸಿದೆ. ಇನ್ನು ಯಾರೂ "ನ್ಯುಮೋ ಕೊಟ್ಟಿದೆ" ಎಂದು ಬರೆದು ನಮ್ಮನ್ನು ಅಲೆಸೋ ಹಾಗಿಲ್ಲ.

ವಯಸ್ಸಿನ ಗೆರೆ ಎಲ್ಲಿ ಎಳೆಯಬೇಕು ಅನ್ನೋದರಲ್ಲಿ ಒಂದೊಂದು ದೇಶ ಒಂದೊಂದು ಥರ. ಬಹಳ ಕಾಲ 65 ಎಂಬ ಗೆರೆ ಇತ್ತು. ಅಮೆರಿಕದ ಲಸಿಕಾ ಸಲಹಾ ಸಮಿತಿ 2024ರ ಅಕ್ಟೋಬರ್‌ನಲ್ಲಿ ಅದನ್ನು 50ಕ್ಕೆ ಇಳಿಸಿತು. ಶುಗರ್, ಹೃದಯ, ಶ್ವಾಸಕೋಶ, ಯಕೃತ್ತಿನ ಕಾಯಿಲೆ ಇದ್ದರೆ ಅಥವಾ ಸಿಗರೇಟು ಸೇದುತ್ತಿದ್ದರೆ ವಯಸ್ಸು ನೋಡುತ್ತಾ ಕೂರುವ ಅಗತ್ಯ ಮೊದಲೂ ಇರಲಿಲ್ಲ.

ಫ್ಲೂ ಲಸಿಕೆ: ಸಣ್ಣದು ಅಂತ ಬಿಡುವವರೇ ಜಾಸ್ತಿ

"ಫ್ಲೂ ಅಂದರೆ ಶೀತ ಜ್ವರ, ಅದಕ್ಕೂ ನ್ಯುಮೋನಿಯಾಕ್ಕೂ ಏನು ಸಂಬಂಧ?" ಬಹಳ ಸಂಬಂಧ ಇದೆ. ಫ್ಲೂ ವೈರಸ್ ಶ್ವಾಸನಾಳದ ಒಳಗೋಡೆಯನ್ನು ಕೆರೆದು ಹಾಕುತ್ತದೆ. ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳು ಕೆಲಸ ನಿಲ್ಲಿಸುತ್ತವೆ. ಅದುವರೆಗೆ ಗಂಟಲಲ್ಲಿ ಸುಮ್ಮನಿದ್ದ ನ್ಯುಮೋಕಾಕಸ್‌ಗೆ ಕೆಳಗಿಳಿಯಲು ಬಾಗಿಲು ತೆರೆದ ಹಾಗೆ. 1918ರ ಫ್ಲೂ ಮಾರಿಯಲ್ಲಿ ಸತ್ತವರ ಉಳಿದಿದ್ದ ಶ್ವಾಸಕೋಶದ ಮಾದರಿಗಳನ್ನು 2008ರಲ್ಲಿ ಮತ್ತೆ ಪರೀಕ್ಷಿಸಿದಾಗ, ಹೆಚ್ಚಿನ ಸಾವುಗಳಲ್ಲಿ ಹಿಂದಿನಿಂದ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾದ ಕೈವಾಡ ಇತ್ತು ಎಂಬುದು ಕಂಡುಬಂತು. ಹಾಗಾಗಿ ನ್ಯುಮೋಕಾಕಸ್ ಲಸಿಕೆ ಹಾಕಿಸಿ ಫ್ಲೂ ಲಸಿಕೆ ಬಿಡುವುದು, ಹಿತ್ತಿಲ ಬಾಗಿಲಿಗೆ ಬೀಗ ಹಾಕಿ ಮುಂಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

ಇದು ಪ್ರತಿ ವರ್ಷದ ಇಂಜೆಕ್ಷನ್. ವೈರಸ್ ಬದಲಾಗುತ್ತಾ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಉತ್ತರ ಗೋಳಾರ್ಧಕ್ಕೆ ಫೆಬ್ರವರಿಯಲ್ಲಿ, ದಕ್ಷಿಣ ಗೋಳಾರ್ಧಕ್ಕೆ ಸೆಪ್ಟೆಂಬರ್‌ನಲ್ಲಿ ಹೊಸ ಪಾಕ ಹೇಳುತ್ತದೆ. ಮೊದಲು ನಾಲ್ಕು ತಳಿಯ ಲಸಿಕೆ ಬರುತ್ತಿತ್ತು, ಈಗ ಮೂರು ತಳಿಯದ್ದು ಕೊಟ್ಟರೆ "ಕಡಿಮೆಯದ್ದು ಕೊಟ್ಟರು" ಎಂದು ಜಗಳ ತೆಗೆಯಬೇಡಿ. ಬಿ ಯಮಗಾಟಾ ಎಂಬ ನಾಲ್ಕನೇ ತಳಿ 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಕಂಡಿಲ್ಲ. ಇಲ್ಲದ ಶತ್ರುವಿಗೆ ಬಾಣ ಯಾಕೆ?

ಹಿರಿಯರಿಗೆ ಇಲ್ಲಿಯೂ ಆಯ್ಕೆಗಳಿವೆ. ಮಾಮೂಲಿ ಲಸಿಕೆಯಲ್ಲಿ ಒಂದೊಂದು ತಳಿಗೆ 15 ಮೈಕ್ರೊಗ್ರಾಂ ಪ್ರೋಟೀನ್ ಇರುತ್ತದೆ. ಹೈ ಡೋಸ್ ಲಸಿಕೆಯಲ್ಲಿ 60, ಅಂದರೆ ನಾಲ್ಕು ಪಟ್ಟು. ವಯಸ್ಸಾದ ದೇಹ ಮೆಲ್ಲಗೆ ಕೂಗಿದರೆ ಓಗೊಡುವುದಿಲ್ಲ, ಜೋರಾಗಿ ಕರೆಯಬೇಕು. ಸುಮಾರು 32,000 ಹಿರಿಯರ ಮೇಲೆ ನಡೆದ ಪರೀಕ್ಷೆಯಲ್ಲಿ, ಮಾಮೂಲಿ ಲಸಿಕೆಗೆ ಹೋಲಿಸಿದರೆ ಹೈ ಡೋಸ್ ಹಾಕಿಸಿಕೊಂಡವರಲ್ಲಿ ಫ್ಲೂ ಶೇ. 24ರಷ್ಟು ಕಡಿಮೆ ಬಂತು. ಇನ್ನೊಂದು, ಎಂಎಫ್59 ಎಂಬ ಎಣ್ಣೆಯಂಥ ಸಹಾಯಕ ಸೇರಿಸಿದ ಲಸಿಕೆ. ಮೂರನೆಯದು ಮೊಟ್ಟೆಯನ್ನು ಬಳಸದೆ ತಯಾರಿಸುವ ರೀಕಾಂಬಿನೆಂಟ್ ಲಸಿಕೆ, ಇದರಲ್ಲಿ 45 ಮೈಕ್ರೊಗ್ರಾಂ. ಅಮೆರಿಕದಲ್ಲಿ 65 ದಾಟಿದವರಿಗೆ ಈ ಮೂರರಲ್ಲಿ ಒಂದನ್ನು ಕೊಡಿ ಎಂದು 2022ರಿಂದ ಹೇಳುತ್ತಿದ್ದಾರೆ. ಮೂರರ ನಡುವೆ ಇದೇ ಮೇಲು ಅನ್ನಲು ಗಟ್ಟಿ ಕಾರಣ ಇಲ್ಲ. ಇವು ಸಿಗದಿದ್ದರೆ? ಇವತ್ತು ಸಿಗುವ ಮಾಮೂಲಿ ಲಸಿಕೆ, ಎರಡು ತಿಂಗಳ ಮೇಲೆ ಸಿಗಬಹುದಾದ ಹೈ ಡೋಸ್‌ಗಿಂತ ಒಳ್ಳೆಯದು. ಲಸಿಕೆ ಹಿಡಿತಕ್ಕೆ ಬರಲು ಎರಡು ವಾರ ಬೇಕು, ಅದನ್ನು ಲೆಕ್ಕ ಹಾಕಿ ಫ್ಲೂ ಕಾಲಕ್ಕೆ ಮೊದಲೇ ಮುಗಿಸಿ. ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಹಿರಿಯರಿಗೆ ಅಲ್ಲ.

ಆರ್‌ಎಸ್‌ವಿ, ಕೋವಿಡ್

ಆರ್‌ಎಸ್‌ವಿ ಅಂದರೆ ಮಕ್ಕಳ ಕಾಯಿಲೆ ಎಂದೇ ಬಹಳ ಜನ ನಂಬಿದ್ದರು. ಹಿರಿಯರಲ್ಲೂ ಅದು ನ್ಯುಮೋನಿಯಾ ತರುತ್ತದೆ, ಹೃದಯ ಮತ್ತು ಶ್ವಾಸಕೋಶದ ಹಳೆಯ ಕಾಯಿಲೆಗಳನ್ನು ಕೆದಕುತ್ತದೆ. 1960ರ ದಶಕದಲ್ಲಿ ಮಾಡಿದ ಲಸಿಕೆ ಮಕ್ಕಳಲ್ಲಿ ರೋಗವನ್ನು ಇನ್ನೂ ಜೋರು ಮಾಡಿತ್ತು. ಆ ಪೆಟ್ಟಿನಿಂದ ಈ ಕ್ಷೇತ್ರ ಚೇತರಿಸಿಕೊಳ್ಳಲು ದಶಕಗಳೇ ಬೇಕಾದವು. ವೈರಸ್ ಜೀವಕೋಶಕ್ಕೆ ಅಂಟುವ ಮುಂಚಿನ ಪ್ರೋಟೀನಿನ ಆಕಾರ 2013ರಲ್ಲಿ ಸ್ಪಷ್ಟವಾದ ಮೇಲೆ ದಾರಿ ತೆರೆಯಿತು. 2023ರಲ್ಲಿ ಅರೆಕ್ಸ್‌ವಿ, ಅಬ್ರಿಸ್ವೊ, 2024ರಲ್ಲಿ ಎಂಆರ್‌ಎನ್‌ಎ ತಂತ್ರದ ಎಂರೆಸ್ವಿಯಾ ಬಂದವು.

ಇವುಗಳಲ್ಲಿ ಆರಿಸಲು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅರೆಕ್ಸ್‌ವಿಯಲ್ಲಿ ಸಹಾಯಕ ಪದಾರ್ಥ ಇರುವುದರಿಂದ ತೋಳು ನೋವು ಸ್ವಲ್ಪ ಜಾಸ್ತಿ. ಅರೆಕ್ಸ್‌ವಿ ಮತ್ತು ಅಬ್ರಿಸ್ವೊ ಎರಡಕ್ಕೂ ಗಿಲಿಯನ್ ಬಾರೆ ಎಂಬ ನರಗಳ ತೊಂದರೆಯ ಎಚ್ಚರಿಕೆ ಬರೆಯಬೇಕೆಂದು ಅಮೆರಿಕದ ಔಷಧ ಇಲಾಖೆ 2025ರ ಜನವರಿಯಲ್ಲಿ ಹೇಳಿತು. 10 ಲಕ್ಷ ಡೋಸ್‌ಗೆ 10ಕ್ಕಿಂತ ಕಡಿಮೆ ಹೆಚ್ಚುವರಿ ಪ್ರಕರಣ ಎಂಬುದು ಅವರ ಲೆಕ್ಕ. ಮೊದಲೇ ಆ ತೊಂದರೆ ಬಂದಿದ್ದವರು ಡಾಕ್ಟರಿಗೆ ಹೇಳಲೇಬೇಕು. 75 ದಾಟಿದವರಿಗೆ, ಅದಕ್ಕಿಂತ ಕಡಿಮೆ ವಯಸ್ಸಾದರೂ ಹೃದಯ, ಶ್ವಾಸಕೋಶದ ಕಾಯಿಲೆ ಇರುವವರಿಗೆ ಇದರಿಂದ ಹೆಚ್ಚು ಲಾಭ. ಒಂದು ಡೋಸ್ ಸಾಕು, ಫ್ಲೂ ಥರ ವರ್ಷ ವರ್ಷ ಬೇಕಿಲ್ಲ. ಕೈಯಲ್ಲಿ ಆಗುವುದು ಕೆಲವೇ ಇಂಜೆಕ್ಷನ್ ಅನ್ನುವವರು ನ್ಯುಮೋಕಾಕಸ್ ಮತ್ತು ಫ್ಲೂ ಮೊದಲು ಮುಗಿಸಲಿ, ಇದು ಮೂರನೆಯದು.

ಕೋವಿಡ್ ಲಸಿಕೆ ಬಗ್ಗೆ ಹೊಸದಾಗಿ ಹೇಳುವಂಥದ್ದೇನಿಲ್ಲ. ಬಹಳ ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ತಮ್ಮ ದೇಶದ ಈಗಿನ ಸಲಹೆಯಂತೆ ಬೂಸ್ಟರ್ ಹಾಕಿಸಿಕೊಳ್ಳುವುದು.

ನ್ಯುಮೋಕಾಕಸ್ ಮತ್ತು ಫ್ಲೂ ಲಸಿಕೆಯನ್ನು ಒಂದೇ ದಿನ, ಒಂದೊಂದು ತೋಳಿಗೆ ಕೊಡಬಹುದು. ಮತ್ತೆ ಕರೆದುಕೊಂಡು ಬರುವುದು ಕಷ್ಟ ಅನ್ನೋ ಮನೆಗಳಲ್ಲಿ ನಾನು ಅದನ್ನೇ ಹೇಳುತ್ತೇನೆ. ಸಣ್ಣ ಶೀತ ಇದ್ದರೆ ಮುಂದೂಡಬೇಕಿಲ್ಲ. ಜೋರು ಜ್ವರ ಇದ್ದರೆ ಇಳಿಯಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಸಣ್ಣ ಸೂಜಿ ಬಳಸಿ, ಚುಚ್ಚಿದ ಜಾಗವನ್ನು ಉಜ್ಜದೆ ಎರಡು ನಿಮಿಷ ಒತ್ತಿ ಹಿಡಿಯುತ್ತಾರೆ. ಡಿಫ್ತೀರಿಯಾ ಲಸಿಕೆಗೆ ಹಿಂದೆ ಗಂಭೀರ ಅಲರ್ಜಿ ಆಗಿದ್ದವರಿಗೆ ಪಿಸಿವಿ ಕೊಡುವುದಿಲ್ಲ. ಅದರೊಳಗಿನ ಪ್ರೋಟೀನ್ ಅದೇ ಮೂಲದ್ದು. "ಹೋದ ವರ್ಷ ನ್ಯುಮೋನಿಯಾ ಬಂದು ಹೋಯಿತು, ಇನ್ನು ಬರಲ್ಲ" ಅನ್ನೋ ಲೆಕ್ಕವೂ ತಪ್ಪು. ಬಂದು ಹೋದದ್ದು ಒಂದು ಬಗೆ, ಉಳಿದವು ಹಾಗೇ ಇವೆ.

ಸೂಜಿಗೆ ಸಿಗದ ನ್ಯುಮೋನಿಯಾ

ಪಾರ್ಶ್ವವಾಯು ಆಗಿದ್ದವರು, ಮರೆವಿನ ಕಾಯಿಲೆ ಇರುವವರು, ಹಾಸಿಗೆ ಹಿಡಿದವರು ಇರುವ ಮನೆಯಲ್ಲಿ ಮೇಲಿನದ್ದೆಲ್ಲ ಮಾಡಿದರೂ ಅರ್ಧ ಕೆಲಸ ಬಾಕಿ. ಇವರಿಗೆ ಬರುವ ನ್ಯುಮೋನಿಯಾದಲ್ಲಿ ದೊಡ್ಡ ಪಾಲು ಎಂಜಲು, ಆಹಾರ, ನೀರು ಅಡ್ಡದಾರಿ ಹಿಡಿದು ಶ್ವಾಸಕೋಶಕ್ಕೆ ಇಳಿದು ಬರುವಂಥದ್ದು. ನೀರು ಕುಡಿದಾಗಲೆಲ್ಲ ನೆತ್ತಿಗೆ ಹತ್ತುವುದು, ಊಟದ ನಂತರ ಸ್ವರ ಗೊರಗೊರ ಅನ್ನುವುದು ಅದರ ಸೂಚನೆ. ನುಂಗುವುದನ್ನು ಪರೀಕ್ಷಿಸುವ ತಜ್ಞರಿದ್ದಾರೆ, ಅವರಿಗೆ ತೋರಿಸಿ.

ಬಾಯಿ ಎಷ್ಟು ಸ್ವಚ್ಛವೋ ಕೆಳಗಿಳಿಯುವ ಕ್ರಿಮಿ ಅಷ್ಟು ಕಡಿಮೆ. ಜಪಾನಿನ ವೃದ್ಧಾಶ್ರಮಗಳಲ್ಲಿ ಪ್ರತಿ ಊಟದ ನಂತರ ಹಲ್ಲು, ಬಾಯಿ ಉಜ್ಜಿಸಿದ ಗುಂಪಿನಲ್ಲಿ ನ್ಯುಮೋನಿಯಾ ಕಡಿಮೆಯಾದದ್ದು ಕಂಡುಬಂದಿದೆ. ಜಪಾನಿನದೇ 2015ರ ಇನ್ನೊಂದು ಅಧ್ಯಯನದಲ್ಲಿ, 85 ದಾಟಿದವರ ಪೈಕಿ ರಾತ್ರಿ ಕಟ್ಟುಹಲ್ಲು ತೆಗೆಯದೆ ಮಲಗುವವರಿಗೆ ನ್ಯುಮೋನಿಯಾದ ಅಪಾಯ ಸುಮಾರು ಎರಡು ಪಟ್ಟು ಇತ್ತು. ರಾತ್ರಿ ಹಲ್ಲಿನ ಸೆಟ್ ತೆಗೆದು ತೊಳೆದು ಇಡಲು ಯಾವ ಡಾಕ್ಟರ ಚೀಟಿಯೂ ಬೇಡ. ನೆಟ್ಟಗೆ ಕೂರಿಸಿ ಊಟ ಮಾಡಿಸಿ, ಆಮೇಲೂ ಅರ್ಧ ಗಂಟೆ ಮಲಗಿಸಬೇಡಿ. ನಿದ್ದೆ ಮಾತ್ರೆ ನಿಜವಾಗಿ ಬೇಕಾ ಎಂದು ಒಮ್ಮೆ ಕೇಳಿ. ಮಂಪರಿನಲ್ಲಿ ಕೆಮ್ಮು ಸಹ ಮಲಗಿಬಿಡುತ್ತದೆ. ಸಿಗರೇಟಿನ ಬಗ್ಗೆ ಹೇಳುವುದು ಬೇಡ, ನಿಮಗೇ ಗೊತ್ತು.

ಇಂಜೆಕ್ಷನ್ ಆದ ಮೇಲೆ

15 ನಿಮಿಷ ಅಲ್ಲೇ ಕೂತಿದ್ದು ಬನ್ನಿ. ಒಂದೆರಡು ದಿನ ತೋಳು ನೋವು, ಸುಸ್ತು, ಸ್ವಲ್ಪ ಮೈ ಬಿಸಿ ಇರುತ್ತದೆ. ಅದಕ್ಕೆ ಹೆದರಬೇಡಿ. ಆದರೆ ಮೂರನೇ ದಿನವೂ ಜ್ವರ ಇದ್ದು, "ಲಸಿಕೆ ಜ್ವರ, ಇಳಿಯುತ್ತೆ ಬಿಡು" ಎಂದು ಸುಮ್ಮನಿರುವುದು ತಪ್ಪು. ಹಿರಿಯರಲ್ಲಿ ನ್ಯುಮೋನಿಯಾ ಕೆಮ್ಮು, ಜ್ವರ ಹೊತ್ತೇ ಬರಬೇಕೆಂದಿಲ್ಲ. ಇದ್ದಕ್ಕಿದ್ದಂತೆ ತಬ್ಬಿಬ್ಬಾಗಿ ಮಾತಾಡುವುದು, ಊಟ ಬೇಡ ಅನ್ನುವುದು, ಕಾರಣವಿಲ್ಲದೆ ಬೀಳುವುದು, ಅಷ್ಟೇ ಕಾಣಿಸಬಹುದು. ಅವರು ಸುಮ್ಮನೆ ಮಲಗಿರುವಾಗ ಗಡಿಯಾರ ನೋಡಿಕೊಂಡು ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. 12ರಿಂದ 20 ಇದ್ದರೆ ಸರಿ. 20 ದಾಟಿ ಏರುತ್ತಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. 30 ಮುಟ್ಟಿದರೆ, ಅಥವಾ ಬೆರಳಿಗೆ ಹಾಕುವ ಆಕ್ಸಿಮೀಟರ್ 92ಕ್ಕಿಂತ ಕೆಳಗೆ ತೋರಿಸಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.